ಒಂಬತ್ತನೇ ಪುಟದ ನೊಣ

ಎರೆಹುಳದ ಪುಸ್ತಕ ಬರೆದ ಮೇಲೆ ಮಕ್ಕಳ ಪುಸ್ತಕ ಪ್ರಕಾಶನದ ಆಫೀಸಿನವರೆಲ್ಲ ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ಇರುವೆ, ಜೇಡ, ಜಿರಲೆ ಎಲ್ಲ ಮುಗಿದು ಈಗ ನೊಣದ ಸರದಿ. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಕ್ಕಳಿಗೆ ಹದಿನಾರು ಪುಟದ ವಿಜ್ಞಾನ, ಪುಟಕ್ಕೊಂದು ಚಿತ್ರ, ಕೆಳಗೆ ಎರಡು ಸಾಲು. ಎರಡೇ ಸಾಲು ತಾನೇ ಎಂದು ಮೂಗು ಮುರಿಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂಬತ್ತನೇ ಪುಟದ ಎರಡು ಸಾಲಿಗಾಗಿ ಅವಳು ಮೂರು ದಿನ ಸಕ್ಕರೆ ಹರಳಿನ ಮುಂದೆ ಭೂತಗನ್ನಡಿ ಹಿಡಿದು ಕೂತಿದ್ದಳು.

'ನೊಣ ಸಕ್ಕರೆಯ ಮೇಲೆ ಉಗುಳುತ್ತದೆ. ಸಕ್ಕರೆ ಕರಗಿದ ಮೇಲೆ ಹೀರುತ್ತದೆ.'

ಇಷ್ಟು ವರ್ಷದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪುಟ ಅವಳ ಕೈಯಿಂದ ಬಂದಿರಲಿಲ್ಲ. ಇದು ಹೋದರೆ ಮಿಕ್ಕಿದ್ದು ಬರೀ ರೆಕ್ಕೆ, ಕಾಲು, ಬಣ್ಣ.

ಆ ಪ್ರಕಾಶನದಲ್ಲಿ ಒಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಮುಂಚೆ ಪುಸ್ತಕವನ್ನು ಒಂದು ಮಗು ಗಟ್ಟಿಯಾಗಿ ಓದಬೇಕು. ಪರೀಕ್ಷೆಯ ಮೇಡಂ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಓದುತ್ತ ಓದುತ್ತ ಮಗು ಐದು ಸೆಕೆಂಡು ನಿಂತಿತೋ, ಆ ಪುಟ 'ಕಷ್ಟ'. ಕಷ್ಟದ ಪುಟಕ್ಕೆ ಕತ್ತರಿ.

ಈ ಸಲ ಓದಲು ಕೂತದ್ದು ಬೈಂಡಿಂಗ್ ಮಾಡುವವನ ಆರು ವರ್ಷದ ಮಗಳು. ಎಂಟು ಪುಟ ಪಟಪಟನೆ ಓದಿದಳು. ಒಂಬತ್ತನೆಯದನ್ನೂ ಓದಿದಳು. ಅಲ್ಲೇ ನಿಂತಳು. ಮೂಗು ತಾಗುವಷ್ಟು ಹತ್ತಿರದಿಂದ ಚಿತ್ರ ನೋಡಿ "ಛೀ!" ಎಂದಳು. ಹಿಂದಿನ ಪುಟಕ್ಕೆ ಹೋದಳು, ತಿರುಗಿ ಬಂದಳು, "ಛೀ ಛೀ!" ಎಂದು ಕಿಸಕ್ಕನೆ ನಕ್ಕಳು. ಹುಳದಮ್ಮನಿಗೆ ಹಿಗ್ಗೋ ಹಿಗ್ಗು.

"ಹತ್ತೊಂಬತ್ತು ಸೆಕೆಂಡು," ಎಂದು ಮೇಡಂ ಬರೆದುಕೊಂಡಳು. "ಹಿಂದಕ್ಕೂ ಹೋದ್ಲು. ಅರ್ಥ ಆಗಿಲ್ಲ. ಕಷ್ಟ."

"ಅರ್ಥ ಆಗಿದ್ದಕ್ಕೇ ನಿಂತಿದ್ದು ಕಣ್ರೀ!" ಎಂದಳು ಹುಳದಮ್ಮ.

ಪ್ರಕಾಶಕರು ಮುಖ ಕಿವುಚಿದರು. "ವಾಚು ಸುಳ್ಳು ಹೇಳುತ್ತಾ? ಅಲ್ಲ, ಈ ಉಗುಳೋದೆಲ್ಲ ಯಾಕಮ್ಮ? ನಂಗೇ ವಾಕರಿಕೆ ಬಂತು. ಏನಾದ್ರೂ ಚೆಂದದ್ದು ಹಾಕಿ. ನೊಣ ನಗ್ಲಿ."

"ನಗೋಕೆ ಅದಕ್ಕೆ ಹಲ್ಲಿಲ್ಲ, ತುಟಿಯಿಲ್ಲ ಸಾರ್. ಇರೋದು ಸೊಂಡಿಲು."

"ಚಿತ್ರದವರು ಹಲ್ಲು ಬರೀತಾರೆ ಬಿಡಿ. ನಿಮಗಾಗ್ದಿದ್ರೆ ಮೇಡಂ ಬರ್ಕೊಡ್ತಾರೆ."

ಜಿರಲೆಯನ್ನು ಅಂಗೈ ಮೇಲೆ ಬಿಟ್ಟುಕೊಂಡು ನೋಡಿದವಳಿಗೆ ಈ ಇಬ್ಬರನ್ನು ನೋಡುವುದಕ್ಕೇ ಅಸಹ್ಯವಾಯಿತು. ಮಗುವಿನ ಸಂತೋಷವನ್ನು ಗಡಿಯಾರದಲ್ಲಿ ಅಳೆದು ದಡ್ಡತನ ಎನ್ನುವ ಜನ! ಥೂ, ಇವರ ಮುಖಕ್ಕಿಷ್ಟು ಎಂದು ಮನಸ್ಸಿನಲ್ಲೇ ಉಗಿದಳು. ಉಗಿದು, ತನ್ನ ಮೇಜಿಗೆ ಹೋಗಿ, ಮೇಡಂ ಬರೆದು ಕುಲಗೆಡಿಸುವುದಕ್ಕಿಂತ ತಾನೇ ಬರೆಯುವುದು ವಾಸಿ ಎಂದು ಸಮಾಧಾನ ಹೇಳಿಕೊಂಡು, ಎರಡೇ ನಿಮಿಷದಲ್ಲಿ ಬರೆದಳು. 'ನೊಣ ಸಕ್ಕರೆ ತಿನ್ನುತ್ತದೆ. ನೊಣ ನಗುತ್ತದೆ.'

ಮುಂದಿನ ವಾರ ಮತ್ತೆ ಪರೀಕ್ಷೆ. ಹೊಸ ಚಿತ್ರದಲ್ಲಿ ನೊಣ ಕೊರಳಿಗೆ ಬಟ್ಟೆ ಕಟ್ಟಿಕೊಂಡು, ಚಮಚ ಹಿಡಿದು, ಮೂವತ್ತೆರಡು ಹಲ್ಲು ಕಿರಿಯುತ್ತ ಕೂತಿತ್ತು. ಹುಡುಗಿ ಓದುತ್ತ ಬಂದಳು. ಒಂಬತ್ತನೇ ಪುಟ ಓದಿ ನಿಂತಳು. ಹಲ್ಲಿನ ಮೇಲೆ ಬೆರಳಿಟ್ಟು, ಮೇಡಂ ಕಡೆಗಾಗಲಿ ಪ್ರಕಾಶಕರ ಕಡೆಗಾಗಲಿ ನೋಡದೆ, ನೇರವಾಗಿ ಹುಳದಮ್ಮನನ್ನೇ ಕೇಳಿದಳು.

"ಆಂಟಿ, ನೊಣ ನಿಜವಾಗ್ಲೂ ನಗತ್ತಾ?"

ಪ್ರಕಾಶಕರು ಕಣ್ಣು ಮಿಟುಕಿಸಿದ್ದೇ ತಡ, ಮೇಡಂ ವಾಚು ನಿಲ್ಲಿಸಿದಳು. ಹೋದ ವಾರ ಹತ್ತೊಂಬತ್ತು ಸೆಕೆಂಡು ಓಡಲು ಬಿಟ್ಟವಳು ಇವಳೇ.

"ಹೇಳಿ ಹುಳದಮ್ಮ, ಮಗು ಕೇಳ್ತಿದೆ," ಎಂದರು ಪ್ರಕಾಶಕರು, ಜೇನು ಸುರಿಸುತ್ತ.

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಹುಡುಗಿ ಕಣ್ಣು ಅಗಲಿಸಿ ಕಾಯುತ್ತಿದ್ದಳು. ಇಲ್ಲ ಎಂದರೆ ಪುಟ ಬೀಳುತ್ತದೆ, ಪುಸ್ತಕ ನಿಲ್ಲುತ್ತದೆ, ಮುಂದಿನ ಹುಳ ಇನ್ಯಾರದೋ ಪಾಲಾಗುತ್ತದೆ.

"ನಗತ್ತೆ ಪುಟ್ಟಿ," ಎಂದಳು ಹುಳದಮ್ಮ.

"ಓ," ಎಂದು ಹುಡುಗಿ ಪುಟ ತಿರುವಿದಳು. ಉಳಿದದ್ದನ್ನು ಎಲ್ಲೂ ನಿಲ್ಲದೆ ಓದಿ ಮುಗಿಸಿದಳು. ಪಾಸು ಎಂದಳು ಮೇಡಂ. ಪ್ರಕಾಶಕರು ಚಪ್ಪಾಳೆ ತಟ್ಟಿದರು.

ಬಾಗಿಲ ಹತ್ತಿರ ಹುಡುಗಿಯ ಅಪ್ಪ ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಹುಡುಗಿ ಓಡಿ ಹೋಗಿ ಅವನ ಅಂಗಿ ಜಗ್ಗಿದಳು.

"ಅಪ್ಪಾ, ನೊಣ ಉಗುಳೋದು ಸುಳ್ಳಂತೆ. ನಗತ್ತಂತೆ. ಬರೆದೋರೇ ಹೇಳಿದ್ರು."