ಮೋಟಾರಿಗೆ ಹೊದಿಸಿದ ಕಂಬಳಿ

ಆಷಾಢ ಕಳೆದು ಶ್ರಾವಣ ಹುಟ್ಟಿದ ಮೇಲೆ, ತವರಲ್ಲಿದ್ದ ಹೊಸ ಸೊಸೆ ಸೂರಮ್ಮನನ್ನು ಚಳ್ಳಕೆರೆಗೆ ಕರೆದೊಯ್ಯಲು ಬಿ.ಜಿ. ಕೆರೆಗೆ ಎರಡು ವಾಹನ ಬಂದವು. ಒಂದು ಮಾವ ಗಾದ್ರಪ್ಪನ ಜೋಡೆತ್ತಿನ ಗಾಡಿ. ಇನ್ನೊಂದು ಗಂಡ ಓಬಯ್ಯನ ಮೋಟಾರು ಸೈಕಲ್ಲು. ಸೂರಮ್ಮ ಬಾಗಿಲ ಸಂದಿಯಿಂದ ಎರಡನ್ನೂ ನೋಡಿದಳು. ಕಣ್ಣು ನಿಂತದ್ದು ಒಂದರ ಮೇಲೆ.

ಓಬಯ್ಯ ಬಸ್ರಾದ ಯುದ್ಧದಲ್ಲಿ ದಂಡಿನ ಲಾರಿಗಳನ್ನು ರಿಪೇರಿ ಮಾಡಿಕೊಂಡಿದ್ದು ಊರಿಗೆ ಮರಳಿದವನು. ವಿಲಾಯತಿಗೆ ಹಿಂದಿರುಗುತ್ತಿದ್ದ ಗಣಿ ಸಾಹೇಬನೊಬ್ಬ ತನ್ನ ಮೋಟಾರನ್ನು ಅವನಿಗೆ ಬಿಟ್ಟುಹೋಗಿದ್ದ. ಅದರ ಸದ್ದಿಗೆ ಚಳ್ಳಕೆರೆ ಸಂತೆಯಲ್ಲಿ ಗಾದ್ರಪ್ಪನ ಎತ್ತುಗಳು ಬೆದರಿ, ಯಜಮಾನನನ್ನು ಹುಣಸೆಹಣ್ಣಿನ ರಾಶಿಯ ಮೇಲೆ ಕೆಡವಿದ್ದವು. ಅಂದಿನಿಂದ ಅವನಿಗೆ ಮೋಟಾರೂ ಸೇರದು, ಹುಣಸೆಹಣ್ಣೂ ಸೇರದು.

ಅಪ್ಪ ಮಗನ ಜಗಳ ಬೀಗರ ಜಗುಲಿಯ ಮೇಲೂ ನಡೆಯಿತು. ಕೊನೆಗೆ ಗಾದ್ರಪ್ಪ ಎಲೆಯಡಿಕೆ ಉಗುಳಿ ಬಂದು ಪಂದ್ಯ ಕಟ್ಟಿದ.

"ನನ್ನೆತ್ತಿಗಿಂತ ಮೊದ್ಲು ಸೊಸೇನ ಹೊಸ್ತಿಲಿಗೆ ಇಳಿಸಿದ್ರೆ ಆ ಮೋಟಾರು ಮನೇಲಿರ್ಲಿ. ಇಲ್ಲಾಂದ್ರೆ ನಾಳೆನೇ ಬಳ್ಳಾರಿಗೆ ಹೊಡಕಂಡೋಗಿ ಮಾರಿ ಬರ್ಬೇಕು. ಆಯ್ತೇನಲೇ?"

ಓಬಯ್ಯ ಆಯ್ತು ಎಂದ. ಒಳಗಿದ್ದ ಸೂರಮ್ಮ ಬಾಗಿಲ ಸಂದಿಗೆ ಕಿವಿ ಕೊಟ್ಟಿದ್ದಳು. ಅತ್ತೆ ಮಾವನ ಮನೆಯಲ್ಲಿ ಹಗಲು ಹೊತ್ತು ಗಂಡನ ಜೊತೆ ಮಾತಾಡುವಂತಿಲ್ಲ, ನಗುವುದಂತೂ ದೂರ. ಮದುವೆಯಾದ ಮೇಲೆ ಒಮ್ಮೆ ಅವನು ಅವಳನ್ನು ಮೋಟಾರಿನ ಹಿಂದೆ ಕೂರಿಸಿಕೊಂಡು ಕೆರೆ ಏರಿಯ ತನಕ ಹೋಗಿಬಂದಿದ್ದ. ಆ ಸದ್ದಿನಲ್ಲಿ ಅವಳು ಬಾಯಿಗೆ ಬಂದದ್ದೆಲ್ಲ ಮಾತಾಡಿದ್ದಳು, ಗಂಟಲು ಬಿಟ್ಟು ನಕ್ಕಿದ್ದಳು. ಯಾರಿಗೂ ಕೇಳಿಸಿರಲಿಲ್ಲ. ಅವಳ ಪಾಲಿಗೆ ಗಂಡನ ಮನೆಯಲ್ಲಿ ಬಾಯಿ ಬಿಡಬಹುದಾದ ಜಾಗವೆಂದರೆ ಅದೊಂದೇ. ಅದನ್ನೂ ಬಳ್ಳಾರಿಗೆ ಹೊಡೆದರೆ?

ಹೊರಡುವ ಹೊತ್ತಿಗೆ ಅವಳ ಅವ್ವ ಯರ್ರಮ್ಮ ಕರಿಕಂಬಳಿ ಹಿಡಿದು ಬಂದಳು. ಮಗಳನ್ನು ಕಳಿಸುವ ಗಾಡಿ ಬರಿಮೈಯಲ್ಲಿ ಹೋಗಬಾರದೆಂಬುದು ಅವರ ಮನೆತನದ ಪದ್ಧತಿ. ತವರಿನವರು ಕಂಬಳಿ ಕಟ್ಟಿ ಕಳಿಸಬೇಕು, ಆ ಗಂಟನ್ನು ಗಂಡನ ಮನೆಯ ಬಾಗಿಲಲ್ಲಿ ಅತ್ತೆಯೇ ಬಿಚ್ಚಬೇಕು. ನಡುದಾರಿಯಲ್ಲಿ ಬಿಚ್ಚಿದರೆ ಮಗಳು ತವರಿಗೆ ತಿರುಗಿ ಬಂದಳೆಂದೇ ಲೆಕ್ಕ. ಎತ್ತಿನ ಗಾಡಿಯಾದರೆ ಎಲ್ಲಿ ಕಟ್ಟಬೇಕೆಂದು ಯರ್ರಮ್ಮನಿಗೆ ಗೊತ್ತಿತ್ತು. ಈ ಮೋಟಾರಿನ ಮುಖ ಯಾವುದು, ಬೆನ್ನು ಯಾವುದು ಎಂದು ಅಳಿಯನನ್ನು ಕೇಳಿ ತಿಳಿದುಕೊಂಡು, ಎತ್ತಿನ ಬೆನ್ನಿಗೆ ಹೊದಿಸುವ ಹಾಗೆ ಹೊದಿಸಿ, ಹ್ಯಾಂಡಲಿನ ಬುಡಕ್ಕೂ ಸೀಟಿನ ಕೆಳಗೂ ಬಿಗಿಯಾಗಿ ಗಂಟು ಹಾಕಿದಳು. ಎರಡೂ ಪಕ್ಕಕ್ಕೆ ಕಂಬಳಿ ಜೋತುಬಿತ್ತು. ಮೊಣಕಾಲಿಗೆ ಜಾಲಿಮುಳ್ಳು ತಾಗುವುದಿಲ್ಲ, ಒಳ್ಳೆಯದೇ ಆಯಿತು ಎಂದು ಓಬಯ್ಯ ಹಿಗ್ಗಿದ. ತವರಿನ ಕಡೆ ಮುಖ ತಿರುಗಿಸಬೇಡ ಎಂದು ಯರ್ರಮ್ಮ ಮಗಳಿಗೆ ಹೇಳಿ ಕಣ್ಣೊರೆಸಿಕೊಂಡಳು.

ಊರ ಬೀದಿಯಲ್ಲಿ ಮೋಟಾರು ಗುಡುಗುಟ್ಟುತ್ತ ಹೋಯಿತು. ಕೋಳಿಗಳು ಹಾರಿ ಮಾಳಿಗೆ ಏರಿದವು. ಗಾದ್ರಪ್ಪನ ಗಾಡಿ ಹಿಂದೆಲ್ಲೋ ಧೂಳಿನಲ್ಲಿ ಉಳಿಯಿತು. ಮನೆಗಳು ಮುಗಿದು ಬಯಲು ಶುರುವಾಯಿತು. ಬಲಗಡೆಯಿಂದ ಪಡುವಣ ಗಾಳಿ ಬೀಸಿತು. ಮೋಟಾರು ಎರಡು ಸಲ ಕೆಮ್ಮಿ ನಿಂತಿತು.

ಓಬಯ್ಯ ಇಳಿದು, ಕಂಬಳಿಯ ಬಲಸೆರಗನ್ನು ಭಕ್ತಿಯಿಂದ ಎತ್ತಿ ಸೀಟಿನ ಮೇಲಿಟ್ಟು, ಪ್ಲಗ್ಗು ಬಿಚ್ಚಿದ. ಮಸಿ ಹಿಡಿದಿತ್ತು. ಪಂಚೆಯಲ್ಲಿ ಒರೆಸಿ ಹಾಕಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಳಿದರೆ ಮೋಟಾರು ಹಾಡಿತು. ಸೆರಗು ಇಳಿಸಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಒಂದು ಹೊಲ ದಾಟುವಷ್ಟರಲ್ಲಿ ಮತ್ತೆ ಕೆಮ್ಮು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದ. ಕೊಳವೆ ಬಿಚ್ಚಿ ಊದಿದ. ನಿಂತಲ್ಲಿ ಹಾಡಿತು, ಹೊರಟರೆ ಕೆಮ್ಮಿತು. ಬೆಲ್ಟು ಬಿಗಿಮಾಡಿದ. ಅದೇ ಕತೆ. ಓಬಯ್ಯನ ಮುಖಕ್ಕೆ ಹತ್ತಿದ ಮಸಿ ನೋಡಿ ಸೂರಮ್ಮನಿಗೆ ನಗು ತಡೆಯಲಿಲ್ಲ. ಸೀರೆಯ ಸೆರಗು ಬಾಯಿಗೆ ತುರುಕಿಕೊಂಡಳು.

ಗೆಜ್ಜೆ ಸದ್ದು ಕೇಳಿಸಿತು. ಗಾದ್ರಪ್ಪ ಗಾಡಿಯನ್ನು ನಿಧಾನ ಮಾಡಿ, ಮಗನನ್ನು ನೋಡದೆ, ಎತ್ತಿನ ಬೆನ್ನು ಚಪ್ಪರಿಸಿ ಅದರ ಜೊತೆಗೇ ಮಾತಾಡಿದ. "ಯಾಕೋ ನಿನ್ನ ತಮ್ಮನಿಗೆ ಮೇವು ಸಾಲ್ಲಿಲ್ಲ ಅಂತ ಕಾಣ್ತೈತಪ್ಪ. ಎಳಕಂಡೋಗಾಕೆ ಹಗ್ಗ ಬೇಕಾ ಕೇಳು."

ಎತ್ತು ಕೇಳಲಿಲ್ಲ. ಗಾಡಿ ಮುಂದೆ ಹೋಯಿತು. ಹುಲ್ಲುಗಾವಲಲ್ಲಿ ಬಿಟ್ಟು ಬೆಳೆಸಿದ ಕಾವಲಿನ ತಳಿಯ ಎತ್ತುಗಳು, ನಡೆಯುವುದೆಂದರೆ ಗೊತ್ತಿಲ್ಲ, ಓಡುವುದೇ.

ಇನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದು ಓಬಯ್ಯ ಮೋಟಾರನ್ನು ಬಂದ ದಿಕ್ಕಿಗೇ ತಿರುಗಿಸಿದ. ಸೂರಮ್ಮ ಹಿಂದಕ್ಕೆ ಹೋಗುವಂತಿರಲಿಲ್ಲ. ಇಳಿದು, ಚಳ್ಳಕೆರೆ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಮೋಟಾರು ಒಂದೂ ಕೆಮ್ಮಿಲ್ಲದೆ ಕುದುರೆಮರಿಯ ಹಾಗೆ ಓಡಿದ್ದು ಕೇಳಿಸಿತು. ತಿರುಗಿ ಬರುವಾಗ ಮತ್ತೆ ಕೆಮ್ಮಿ, ಅವಳಿಂದ ಅಷ್ಟು ದೂರದಲ್ಲೇ ನಿಂತಿತು. ಓಬಯ್ಯ ತಳ್ಳಿಕೊಂಡು ಬಂದ.

"ಥೇಟ್ ನಿನ್ನಂಗೇ ಐತೆ ಕಣೇ ಸೂರಿ. ತವರು ಅಂದ್ರೆ ಓಡ್ತೈತೆ, ಗಂಡನ ಮನೆ ಅಂದ್ರೆ ಕೆಮ್ಮು ಬರ್ತೈತೆ."

ಅವನು ಇನ್ನೊಂದು ಸಲ ಹೋದ. ಈ ಸಲ ಸೂರಮ್ಮನಿಗೆ ತಡೆಯಲಾಗಲಿಲ್ಲ. ಅವ್ವನ ಮಾತು ಮರೆತು ತಿರುಗಿ ನೋಡೇಬಿಟ್ಟಳು. ಹೋಗುವಾಗ ಕಂಬಳಿಯ ಸೆರಗು ಹದ್ದಿನ ರೆಕ್ಕೆಯ ಹಾಗೆ ಮೋಟಾರಿನಿಂದ ದೂರ ಹಾರುತ್ತಿತ್ತು. ಬರುವಾಗ ಅದೇ ಸೆರಗನ್ನು ಗಾಳಿ ಇಂಜಿನ್ನಿಗೆ ಒತ್ತಿ ಹಿಡಿದಿತ್ತು, ಮುಸುಕೆಳೆದು ಮಲಗಿದವನ ಮೂಗಿಗೆ ಕಂಬಳಿ ಅಂಟಿದ ಹಾಗೆ. ನಿಂತಲ್ಲಿ ಯಾಕೆ ಹಾಡುತ್ತಿತ್ತೆಂಬುದೂ ಆಗಲೇ ಹೊಳೆಯಿತು. ರಿಪೇರಿಗೆ ಕೂತಾಗಲೆಲ್ಲ ಗಂಡ ಸೆರಗನ್ನು ಎತ್ತಿ ಸೀಟಿನ ಮೇಲಿಡುತ್ತಿದ್ದ.

"ಅದಕ್ಕೆ ರೋಗ ಇಲ್ರಿ," ಅಂದಳು. "ಉಸಿರು ಕಟ್ಟೈತೆ. ನಮ್ಮವ್ವನ ಕಂಬಳಿ."

ಓಬಯ್ಯ ಬಗ್ಗಿ ನೋಡಿದ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿ ಸರಿಯಾಗಿ ಬಲಸೆರಗಿನ ಕೆಳಗೇ ಇತ್ತು. ಅವನು ನೆಲದ ಮೇಲೆ ಕೂತೇಬಿಟ್ಟ. ಬಸ್ರಾದಲ್ಲಿ ಯಾವ ಲಾರಿಗೂ ಯಾರೂ ಕಂಬಳಿ ಹೊದಿಸಿರಲಿಲ್ಲವಲ್ಲ, ತನಗೆ ಹೇಗೆ ಗೊತ್ತಾಗಬೇಕು ಎಂದ. ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನು ಗಂಟಿಗೆ ಕೈ ಹಾಕಿದ. ಸೂರಮ್ಮ ಆ ಕೈ ಹಿಡಿದಳು.

"ಬಿಚ್ಚಬ್ಯಾಡ್ರಿ. ನಾ ಎತ್ತಿ ಹಿಡ್ಕಂತೀನಿ."

ಬಲಸೆರಗನ್ನು ಎತ್ತಿ ಮಡಿಲಿಗೆಳೆದುಕೊಂಡು ಕೂತಳು. ಮೋಟಾರು ಈಗ ಗಾಳಿಯನ್ನು ಗಟಗಟ ಕುಡಿಯುತ್ತ ಓಡಿತು. ಕಂಬಳಿ ಅವಳ ಕೈಯಲ್ಲಿ ತುಂಟ ಟಗರಿನಂತೆ ಜಗ್ಗಾಡಿತು. ಬಯಲು, ಕುರಿಮಂದೆ, ಹುಲ್ಲುಗಾವಲು ಎಲ್ಲ ಹಿಂದಕ್ಕೆ ಸುರಿದುಹೋದವು. ಅವಳು ಕೂಗಿದಳು, ಹಾಡಿದಳು, ಮದುವೆಯಲ್ಲಿ ಅತ್ತೆಯ ಮೂಗುತಿ ಪಾಯಸದಲ್ಲಿ ಬಿದ್ದದ್ದನ್ನು ಗಂಡನ ಕಿವಿಗೆ ಕಿರುಚಿ ಹೇಳಿದಳು.

ತಳಕು ದಾಟಿದ ಮೇಲೆ ಮುಂದೆ ಗಾಡಿಯ ಧೂಳು ಕಾಣಿಸಿತು. ಓಬಯ್ಯ ವೇಗ ತಗ್ಗಿಸಿದ. ಅವನ ಸಂಕಟ ಅವಳಿಗೂ ಅರ್ಥವಾಯಿತು. ಮಾವ ಎದುರಾದರೆ ಸೊಸೆ ಇಳಿದು ಪಕ್ಕಕ್ಕೆ ನಿಲ್ಲಬೇಕು. ಕೂತಲ್ಲಿಂದ ಏಳದೆ ಮಾವನನ್ನು ದಾಟಿ ಮುಂದೆ ಹೋಗುವ ಸೊಸೆ ಆ ಸೀಮೆಯಲ್ಲಿ ಹುಟ್ಟಿಲ್ಲ. ದಾಟದಿದ್ದರೆ ಮೋಟಾರು ಬಳ್ಳಾರಿಗೆ.

ಸೂರಮ್ಮ ಕಂಬಳಿಯನ್ನು ಜಗ್ಗಿ ತನ್ನ ತಲೆಯ ಮೇಲೆ ಎಳೆದುಕೊಂಡಳು, ಗಂಡನ ಹೆಗಲಿಗೂ ಸುತ್ತಿದಳು.

"ನಿಲ್ಲಿಸಬ್ಯಾಡ್ರಿ," ಅಂದಳು.

ಕಂಬಳಿಯ ತೂತಿನಿಂದ ಅವಳಿಗೆ ಕಂಡದ್ದು ಗಾಡಿಯ ಚಕ್ರ, ಎತ್ತಿನ ಕೊಂಬು, ಕೆಂಪು ರುಮಾಲು. ಆಮೇಲೆ ಬರೀ ರಸ್ತೆ. ಅವಳು ನಕ್ಕಳು, ಎದೆಯೊಳಗಿನ ಗಾಳಿಯೆಲ್ಲ ಮುಗಿಯುವ ತನಕ.

ಅತ್ತೆ ಹೊಸ್ತಿಲಲ್ಲಿ ಗಂಟು ಬಿಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಗಾದ್ರಪ್ಪ ಎತ್ತುಗಳಿಗೆ ನೀರು ಕುಡಿಸಿ, ಕಾಲು ತೊಳೆದು, ಜಗುಲಿಯ ಮೇಲೆ ಕೂತ. ಓಬಯ್ಯ ಕಂಬಕ್ಕೊರಗಿ ನಿಂತಿದ್ದ. ಸೂರಮ್ಮ ಕದದ ಹಿಂದೆ, ಮಡಿಸಿದ ಕಂಬಳಿಯನ್ನು ಎದೆಗವುಚಿಕೊಂಡು ಉಸಿರು ಬಿಗಿಹಿಡಿದಿದ್ದಳು. ಗಾದ್ರಪ್ಪ ಹೆಂಡತಿಯನ್ನು ಕರೆದ.

"ತಳಕು ದಾಟಿದ ಮ್ಯಾಲೆ ಒಂದು ಕಂಬಳಿ ನನ್ನ ದಾಟಿ ಬಂತು ಕಣೇ. ಒಳಗೆ ಯಾರಿದ್ರೋ ಕಾಣ್ಲಿಲ್ಲ. ನಗೋದು ಮಾತ್ರ ಕೇಳಿಸ್ತು."

ಅವನು ನಿಧಾನವಾಗಿ ಅಡಿಕೆ ಕತ್ತರಿಸಿದ.

"ಆ ಮೋಟಾರು ಕೊಟ್ಟಿಗೆ ತಾವ ನಿಲ್ಲಿಸಬ್ಯಾಡ ಅನ್ನು ನಿನ್ನ ಮಗನಿಗೆ. ಎತ್ತು ಬೆದರ್ತಾವೆ. ಹಿತ್ತಲಾಗೆ ಜಾಗ ಐತೆ."

ಸೂರಮ್ಮ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟು ಒತ್ತಿ ಹಿಡಿದರೂ, ಮೋಟಾರಿನ ಸದ್ದಿಲ್ಲದ ಆ ಮನೆಯಲ್ಲಿ, ಅವಳ ನಗು ಜಗುಲಿಯ ತನಕ ಕೇಳಿಸಿಯೇಬಿಟ್ಟಿತು.