ಒಂದಕ್ಕೆ ಎರಡು

ಮಗಳ ಡೆಂಗ್ಯೂ ಜ್ವರ ಇಳಿದು ವೆನಿಂಗ್ ಆಫೀಸಿಗೆ ಮರಳಿದ ದಿನ ಎಲ್ಲರೂ ಅವಳನ್ನು ಹೊಗಳುವವರೇ. ಅವಳಿಗೆ ಮೊದಲು ಕಸಿವಿಸಿಯಾದದ್ದೇ ಅದರಿಂದ. ಸೆಮಾರಂಗ್ ಊರಿನ ಮೇಲುಗುಡ್ಡದ ಬಡಾವಣೆಯ ನಕ್ಷೆಯಲ್ಲಿ ಅವಳು ಇನ್ನೊಂದು ಸಾಲು ಮನೆ ಹಿಡಿಸಿದ್ದಾಳಂತೆ, ಕಟ್ಟಿಸುವವರು ಕುಣಿದಾಡುತ್ತಿದ್ದಾರಂತೆ. ಆಸ್ಪತ್ರೆಯಲ್ಲಿ ಕೂತುಕೊಂಡೇ ಇಷ್ಟು ಮಾಡಿದೆಯಲ್ಲ ಎಂದು ಯಜಮಾನರು, ಪಾಕ್ ತ್ರಿಹಾರ್ಜೊ, ಬಾಗಿಲಲ್ಲೇ ನಿಂತು ಮೆಚ್ಚಿಕೊಂಡರು.

ಅವಳು ಏನೂ ಮಾಡಿರಲಿಲ್ಲ. ಮಂಚದ ಪಕ್ಕ ಕೂತು ಮಗಳ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದ್ದಳು, ಅಷ್ಟೆ. ಹೋಗುವಾಗ ಕಡತವನ್ನು ಪಕ್ಕದ ಮೇಜಿನ ಹನುಂಗನಿಗೆ ಒಪ್ಪಿಸಿ, "ತಿತಿಪ್ ಯಾ, ಮಾಸ್", ನಿಮ್ಮ ವಶಕ್ಕೆ ಅಣ್ಣಾ, ಎಂದು ಹೇಳಿದ್ದಳು. ಮನೆಯ ಕೀಲಿ, ಮಲಗಿದ ಮಗು, ಒಲೆ ಮೇಲಿನ ಸಾರು, ಎಲ್ಲವನ್ನೂ ಅಲ್ಲಿ ಹೀಗೆ ಹೇಳಿಯೇ ಒಪ್ಪಿಸುವುದು. ಒಪ್ಪಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ತಿರುಗಿ ಕೊಡುತ್ತಾರೆ. ಅದಕ್ಕೆ ರಸೀದಿ ಕೇಳುವ ಪದ್ಧತಿಯಿಲ್ಲ.

ಅದೂ ಹನುಂಗ್. ಅವಳಿಗೆ ಕೆಲಸ ಕಲಿಸಿದವನೇ ಅವನು. ಪರದೆಯ ಮೇಲಿನ ಇಳಿಜಾರು ಬರೀ ಗೆರೆಯಲ್ಲ, ಅದಕ್ಕೆ ಜೀವವಿದೆ ಎಂದು ತೋರಿಸಿಕೊಟ್ಟಿದ್ದ. ಮೇಲೆ ಮನೆಕಟ್ಟೆಯ ಅಂಚು, ಕೆಳಗೆ ಇದ್ದ ನೆಲ, ನಡುವೆ ಒಂದು ಅಂಕೆ. ಆ ಅಂಕೆ ಬದಲಿಸಿದರೆ ಇಡೀ ಇಳಿಜಾರು ತಾನೇ ಕಾಲು ಚಾಚುತ್ತದೆ, ಇಲ್ಲವೇ ಮುದುಡಿಕೊಳ್ಳುತ್ತದೆ. ಅಂಕೆಯ ಪಕ್ಕದಲ್ಲಿ ಪುಟ್ಟದೊಂದು ಬೀಗದ ಗುರುತು. "ಬೀಗ ಹಾಕ್ಬಿಡು ದೆಕ್," ಎಂದಿದ್ದ, ತಂಗಿಯನ್ನು ಕರೆಯುವ ಹಾಗೆ. "ಯಾರ ಕೈ ತಾಗಿದ್ರೂ ಗುಡ್ಡ ಅಲ್ಲಾಡ್ಬಾರ್ದು."

ವೆನಿಂಗ್ ಕಡತ ತೆರೆದಳು. ಗುಡ್ಡ ಅಲ್ಲಾಡಿತ್ತು.

ಒಂದು ಮೀಟರು ಇಳಿಯಲು ಎರಡು ಮೀಟರು ಜಾಗ, ಒಂದಕ್ಕೆ ಎರಡು ಎಂದು ಅವಳು ಇಟ್ಟಿದ್ದಳು. ಆ ಗುಡ್ಡದ ಮಣ್ಣು ನೆಂದರೆ ಅಂಬಲಿ. ಬುಡದಲ್ಲಿ ತಾಹು, ಅಂದರೆ ಸೋಯಾ ಪನೀರು, ಮಾಡುವವರ ಕೇರಿ ಇದೆ. ಅಳತೆಗೆ ಹೋದಾಗ ಅಲ್ಲಿನ ಮುದುಕಿಯೊಬ್ಬಳು ಬಿಸಿ ತಾಹು ಕೊಟ್ಟು, ಮೇಲಿನ ಮನೆಗಳು ನಮ್ಮ ತಲೆ ಮೇಲೆ ಬರುವುದಿಲ್ಲ ತಾನೇ ಎಂದು ಕೇಳಿದ್ದಳು. ಬರುವುದಿಲ್ಲ ಎಂದು ವೆನಿಂಗ್ ಬಾಯಿಬಿಟ್ಟು ಹೇಳಿ ಬಂದಿದ್ದಳು. ಈಗ ಅಲ್ಲಿ ಒಂದಕ್ಕೆ ಒಂದು. ಉಳಿದ ಜಾಗದಲ್ಲಿ ಹೊಸ ಮನೆಸಾಲು.

ಕೈತಪ್ಪು ಇರಬಹುದೆಂದು ಅವಳು ಅರೆಗಳಿಗೆ ಆಸೆಪಟ್ಟಳು. ಆದರೆ ಬೀಗ ಹಾಕಿಯೇ ಇತ್ತು. ಕೈ ತಪ್ಪಿದವನು ಬೀಗ ತೆಗೆದು, ಅಂಕೆ ಬದಲಿಸಿ, ಮತ್ತೆ ನೆನಪಿಟ್ಟು ಬೀಗ ಹಾಕುವುದಿಲ್ಲ. ಹಾಳೆಯ ಮೂಲೆಯಲ್ಲಿ ವಿನ್ಯಾಸ ಮಾಡಿದವರ ಹೆಸರು ಮಾತ್ರ ಹಾಗೇ ಇತ್ತು: ವೆನಿಂಗ್.

ಮಧ್ಯಾಹ್ನ ಸೋತೊ ಸಾರಿನ ಅಂಗಡಿಯಲ್ಲಿ ಹನುಂಗನೆದುರು ಕೂತು ಕೇಳಿದಳು. ಅವನು ಸಾರಿಗೆ ನಿಂಬೆ ಹಿಂಡುತ್ತಾ ಸಮಾಧಾನ ಹೇಳಿದ. ಇವಳಿಗೆ ಪದೇಪದೇ ರಜೆ ಎಂದು ಮೇಲಿನವರು ಗೊಣಗುತ್ತಿದ್ದರಂತೆ, ಒಳ್ಳೆಯ ಹೆಸರು ಬರಲಿ ಎಂದೇ ಹೀಗೆ ಮಾಡಿದನಂತೆ.

"ಅಷ್ಟು ಒಳ್ಳೇದಾಗಿದ್ರೆ ನಿಮ್ ಹೆಸ್ರೇ ಹಾಕ್ಕೋಬೋದಿತ್ತಲ್ಲ, ಮಾಸ್."

ಹನುಂಗ್ ತೆಂಪೆಯ ತುಂಡೊಂದನ್ನು ಅವಳ ತಟ್ಟೆಗೆ ಹಾಕಿದ.

ಊಟದಿಂದ ಬಂದವಳೇ ಬೀಗ ತೆಗೆದು ಒಂದಕ್ಕೆ ಎರಡು ಎಂದು ಒತ್ತಿದಳು. ಇಳಿಜಾರು ಕಾಲು ಚಾಚಿ ಹೊಸ ಮನೆಸಾಲಿನ ಮೇಲೆ ಉದ್ದಕ್ಕೂ ಮಲಗಿತು. ನಕ್ಷೆ ಸಂಜೆಯೊಳಗೆ ಮಂಜೂರಾತಿಗೆ ಹೋಗಬೇಕಿತ್ತು. ಮನೆಸಾಲು ಹೋದ ಸುದ್ದಿ ಕೇಳಿ ಪಾಕ್ ತ್ರಿಹಾರ್ಜೊ ಧಾವಿಸಿ ಬಂದರು. ಇಳಿಜಾರನ್ನು ಕಡಿದಾಗಿಸಿದ್ದು ತಾನಲ್ಲ, ಮಾಸ್ ಹನುಂಗ್ ಎಂದು ವೆನಿಂಗ್ ಎಲ್ಲರೆದುರೇ ಹೇಳಿದಳು.

ಹನುಂಗ್ ಕುರ್ಚಿ ತಿರುಗಿಸಿದ. ದನಿ ಮೆತ್ತಗಿತ್ತು. "ನಾನ್ ಮುಟ್ಟೇ ಇಲ್ಲ, ಪಾಕ್. ಪಾಪ, ದೆಕ್ ವೆನಿಂಗ್ ನಿದ್ದೆಗೆಟ್ಟಿದಾಳೆ. ತಾನೇ ಮಾಡಿ ಮರ್ತಿರ್ಬೇಕು."

ನಾಲ್ಕಾರು ತಲೆಗಳು ಅನುಕಂಪದಿಂದ ಆಡಿದವು. ನಿದ್ದೆಗೆಟ್ಟದ್ದು ನಿಜವಾದ್ದರಿಂದ ಅವಳಿಗೆ ಅದನ್ನು ಅಲ್ಲಗಳೆಯಲೂ ಆಗಲಿಲ್ಲ. ಹೆರಿಗೆಯಾದಾಗ ಆಸ್ಪತ್ರೆಗೆ ಮೊದಲು ಬಂದು ಮಗುವನ್ನು ಎತ್ತಿಕೊಂಡವನು ಇವನೇ.

"ಯಾರು ಮಾಡಿದ್ರೂ ಸರಿ, ಆ ಸಾಲು ಬೇಕು," ಎಂದರು ಯಜಮಾನರು.

"ನನ್ ಹೆಸ್ರಲ್ಲಿ ಬೇಡ. ಹೆಸ್ರು ತೆಗೀರಿ."

"ಹಾಗಾದ್ರೆ ಹನುಂಗ್, ನೀನೇ ನಿನ್ ಹೆಸ್ರು ಹಾಕಿ ಕಳ್ಸು." ಅವರು ಒಳಗೆ ಹೋದರು.

ಹನುಂಗ್ ಅವಳ ಯಂತ್ರದ ಮುಂದೆ ಬಂದು ಕೂತ. ಮೂಲೆಯಲ್ಲಿ ತನ್ನ ಹೆಸರು ಬರೆದ. ಅವಳು ಒತ್ತಿದ್ದ ಅಂಕೆಯ ಮೇಲೆ ಬಾಣ ತಂದಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಬಾಣ ಸರಿಸಿ, ಏನೂ ಬದಲಿಸದೆ ಮುದ್ರಣಕ್ಕೆ ಕಳಿಸಿದ. ಒಳಕ್ಕೆ ಹೋಗಿ, ಮಣ್ಣಿನ ಪರೀಕ್ಷೆ ಇನ್ನೊಮ್ಮೆ ನೋಡಿದೆ ಪಾಕ್, ಆ ಸಾಲು ನಿಲ್ಲುವುದಿಲ್ಲ, ಎಂದು ಗಂಭೀರವಾಗಿ ವಿವರಿಸುವುದು ಹೊರಗೆ ಕೇಳಿಸಿತು.

ಯಜಮಾನರು ಗೊಣಗುತ್ತಲೇ ಒಪ್ಪಿದರು. ಕೇರಿ ಉಳಿಯಿತು. ಆ ಸಮಾಧಾನ ವೆನಿಂಗಳಿಗೆ ಇತ್ತು. ಮುದ್ರಣದಿಂದ ಬೆಚ್ಚಗೆ ಬಂದ ಹಾಳೆ ಹಿಡಿದು ಅವಳು ಹನುಂಗ್ ಹೊರಬರುವುದನ್ನೇ ಕಾದಳು.

"ನೋಡು, ಕೊನೆಗೆ ನಿನ್ ಮಾತೇ ನಡೀತಲ್ಲ," ಎಂದು ಅವನು ನಗಲು ನೋಡಿದ.

"ನಿಮ್ ಹೆಸ್ರಿಗೆ ಒಂದಕ್ಕೆ ಎರಡು," ಎಂದಳು. "ನನ್ ಹೆಸ್ರಿಗಾದ್ರೆ ಒಂದಕ್ಕೆ ಒಂದು ಸಾಕಾಗಿತ್ತು."

ಅವನು ಹಾಳೆಗೆ ಕೈ ಚಾಚಿದ. ಅವಳು ಕೊಟ್ಟಳು. ಹನುಂಗ್ ಅದನ್ನು ಮೇಜಿನ ಮೇಲೆ ಹರಡಿ, ತನ್ನ ಹೆಸರಿನ ಪಕ್ಕ ಸಹಿ ಹಾಕಲು ಪೆನ್ನು ಹುಡುಕತೊಡಗಿದ. ಪೆನ್ನು ಅವನ ಜೇಬಿನಲ್ಲೇ ಇತ್ತು. ಅವಳು ಹೇಳಲಿಲ್ಲ.