ಕೊಯ್ಯದೆ ನೋಡಿದ ಕಣ್ಣು

ಸವಣೂರಿನ ನಮ್ಮ ವೀಳ್ಯದೆಲೆ ಬಳ್ಳಿಯ ತೋಟಕ್ಕೆ ಯಾರೇ ಬರಲಿ, ಮೊದಲು ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಆಮೇಲೆ ಅಲ್ಲೇ ಇರುವ ಕಲ್ಲಿನ ಬಾನಿಯ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಬರಬೇಕು. ನನ್ನಪ್ಪ ಹೀಗೇ ಮಾಡುತ್ತಿದ್ದ, ಅವನಪ್ಪನೂ ಹೀಗೇ. ಎಲೆ ಅಂದರೆ ದೇವರ ಮುಂದೆ ಇಡುವ ವಸ್ತು, ಹೊಲಸು ತಾಗಬಾರದು. ಕೆಲಸ ಮಾಡುವಾಗ ಕಣ್ಣಿಗೆ ಕಸ ಬಿದ್ದರೂ ಅದೇ ಬಾನಿಯ ನೀರು ಹೊಡೆದುಕೊಂಡು ಮತ್ತೆ ಏಣಿ ಹತ್ತುವುದು ನಮಗೆ ರೂಢಿ.

ಹೋದ ವರ್ಷ ಬಳ್ಳಿ ಇಳಿಸುವ ಕಾಲ. ಮರದ ತುದಿ ಮುಟ್ಟಿದ ಬಳ್ಳಿಯನ್ನು ಕೆಳಗಿಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಿ, ಕುಡಿಯನ್ನು ಮತ್ತೆ ಮರಕ್ಕೆ ಕಟ್ಟುವ ಕೆಲಸ. ಒಣಕಡ್ಡಿಯೊಂದು ಸಿಡಿದು ನನ್ನ ಬಲಗಣ್ಣಿಗೆ ಬಡಿಯಿತು. ಇಳಿದು ನೀರು ಹೊಡೆದುಕೊಂಡೆ. ವಾರದೊಳಗೆ ಕಣ್ಣು ಕೆಂಡವಾಯಿತು, ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಕುಂತಿತು. ಎಡಗಣ್ಣು ನನಗೆ ಹುಡುಗನಿದ್ದಾಗ ಸಿಡುಬು ಬಂದಾಗಿನಿಂದಲೂ ಮಬ್ಬು, ಮೂಗಿನ ಹತ್ತಿರ ಹಿಡಿದದ್ದಷ್ಟೇ ಕಾಣುತ್ತದೆ. ನನ್ನ ದುಡಿಮೆಯೆಲ್ಲ ಬಲಗಣ್ಣಿನದು. ಅದೂ ಹೋದರೆ ತೋಟದ ಬಾಗಿಲಲ್ಲಿ ಕುಂತು ಚಪ್ಪಲಿ ಕಾಯಬೇಕಷ್ಟೇ.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಶೈಲಾ ಡಾಕ್ಟರು ಮಚ್ಚೆಯ ಮೇಲ್ಭಾಗ ಕೆರೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಏನೂ ಸಿಗಲಿಲ್ಲ. ಗಿಡದ ಕಡ್ಡಿ ಬಡಿದ ಕಣ್ಣಿಗೆ ಬೂಷ್ಟು ಹಿಡಿಯುವುದೇ ಹೆಚ್ಚು ಎಂದು ಅದಕ್ಕೆ ಔಷಧ ಕೊಟ್ಟರು. ನನ್ನ ಹೆಂಡತಿ ಹುಚ್ಚವ್ವ ಒಂದು ಹೊತ್ತೂ ತಪ್ಪಿಸದೆ ಹನಿ ಹಾಕಿದಳು. ನೋವು ಮಾತ್ರ ಏರುತ್ತಲೇ ಹೋಯಿತು. ತಲೆಯೊಳಗೆ ಯಾರೋ ದಬ್ಬಣ ಚುಚ್ಚಿದಂತೆ.

ಮತ್ತೆ ಹೋದಾಗ ಡಾಕ್ಟರು ಬಹಳ ಹೊತ್ತು ನೋಡಿ ಹೇಳಿದರು: "ಅಜ್ಜಾರ, ಏನೈತೋ ಅದು ಒಳಗ ಆಳದಾಗ ಐತಿ. ಅಲ್ಲೀಮಟಾ ಕೊಯ್ದು ನೋಡಾಕ ಹೋದ್ರ ಕಣ್ಣ ಹೋದೀತು. ಕೊಯ್ಯದ ನೋಡೂ ಮಷಿನ್ ಒಂದೈತಿ, ಅದ್ರಾಗ ನೋಡೂಣು."

ಆ ಮಷಿನ್ ಕೋಣೆಯಲ್ಲಿದ್ದವನು ನದೀಮ. ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿ, ಗದ್ದ ಒಂದು ಪಟ್ಟಿಯ ಮೇಲೆ ಇಡಿಸಿದ. ಗಾಜಿನ ಮೂತಿಯೊಂದು ಬಂದು ಲೋಳೆಯಂಥ ಔಷಧದ ಮೇಲಿಂದ ನನ್ನ ಕಣ್ಣಿಗೇ ತಾಗಿತು.

"ಕಣ್ಣ ಅಳ್ಳಾಡಿಸಬ್ಯಾಡ್ರಿ ಅಜ್ಜಾರ. ಒಂದೀಟು ಅಳ್ಳಾಡಿದ್ರ ಚಿತ್ರ ಕಲಸಿ ಹೋಗ್ತೈತಿ."

"ಅವರಿಗೆ ಅದನ್ನ ಹೇಳೂದ ಬ್ಯಾಡಪಾ," ಎಂದಳು ಹುಚ್ಚವ್ವ. "ನಾ ಎಷ್ಟ ಬೈದ್ರೂ ಗ್ವಾಡಿ ಹಂಗ ಕುಂತಿರ್ತಾರ."

ನದೀಮ ನಗುತ್ತಲೇ ಕೈಯಲ್ಲಿದ್ದ ತಿರುಪು ತಿರುಗಿಸಿದ. "ಈ ಬೆಳಕು ಒಂದ ಪದರದಾಗ ನಿಂತು ನೋಡ್ತೈತ್ರಿ. ಮ್ಯಾಲಿಂದು, ಕೆಳಗಿಂದು ತೋರ್ಸಂಗಿಲ್ಲ. ಆಮ್ಯಾಲ ಅದರ ಕೆಳಗಿನ ಪದರಾ, ಮತ್ತ ಅದರ ಕೆಳಗಿಂದು."

"ಉಳ್ಳಾಗಡ್ಡಿ ಸುಲದಂಗ?" ಹುಚ್ಚವ್ವ ಕೇಳಿದಳು.

"ಹೌದ್ರಿ ಅವ್ವಾರ. ಸುಲಿಯೂದು ಒಂದ ಇಲ್ಲ."

ನಾನು ಗೋಡೆಯಂತೆಯೇ ಕುಂತೆ. ಹಿಡಿದಿದ್ದ ಉಸಿರು ಬಿಟ್ಟದ್ದು ಅವನು ಸಾಕು ಎಂದಾಗಲೇ. ನನಗೂ ತೋರಿಸು ತಮ್ಮಾ ಎಂದೆ. ಪರದೆಗೆ ಮೂಗು ತಾಗುವಷ್ಟು ಬಾಗಿ ಎಡಗಣ್ಣಿನಿಂದ ನೋಡಿದೆ. ಕಪ್ಪಿನಲ್ಲಿ ಬೆಳ್ಳಗೆ ಸಣ್ಣ ಸಣ್ಣ ನರಗಳು. ಎಲೆಯನ್ನು ಬಿಸಿಲಿಗೆ ಹಿಡಿದರೆ ಹೀಗೇ ಕಾಣುತ್ತವೆ. ಬದುಕಿರುವ ನನ್ನದೇ ಕಣ್ಣಿನ ಒಳಗು ಅದು, ಒಂದು ಹನಿ ರಕ್ತ ಬಂದಿರಲಿಲ್ಲ. ಕೆಲವು ನರ ಬಾತಿದ್ದವು. ಇನ್ನೂ ಕೆಳಗಿನ ಪದರಕ್ಕೆ ಇಳಿದಾಗ ರಾಗಿ ಕಾಳಿನಂಥ ದುಂಡನೆಯ ಚುಕ್ಕೆಗಳು, ಒಂದೊಂದಕ್ಕೂ ಎರಡೆರಡು ಸುತ್ತು ಗೋಡೆ.

ಡಾಕ್ಟರು ಬಂದು ನೋಡಿದರು. "ಬೂಷ್ಟಾಗಿದ್ರ ಎಳಿ ಎಳಿಯಾಗಿ ಕಾಣಬೇಕಿತ್ತು. ಇದು ಬ್ಯಾರೆ. ನೀರಾಗಿರೂ ಅಮೀಬಾ ಅನ್ನೂ ಜೀವ. ಕಣ್ಣಿಗೆ ಯಾವ ನೀರು ಹಾಕ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಚ್ಚವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ನಾವೇನ್ ಹೊಲಸ ಮಂದಿ ಅಲ್ರೀ ಬಾಯಾರ. ನಿಮ್ಮ ಔಷಧ ಹಾಕೂಕಿಂತ ಮದ್ಲ ದಿನಾ ಬಾನಿ ನೀರಿಲೆ ಕಣ್ಣ ತೊಳಸ್ತೇನಿ. ತೋಟದಿಂದ ತಂಬಿಗಿ ತುಂಬ ಮನಿಗೆ ತಂದಿಟ್ಟೇನಿ. ಕಾಲ ತೊಳದ ತೋಟಕ್ಕ ಹೋಗ್ತೇವಲ್ರೀ, ಹಂಗ."

ಡಾಕ್ಟರು ಪರದೆಯ ಮೇಲಿನ ದುಂಡು ಚುಕ್ಕೆಗಳತ್ತ ತಿರುಗಿದರು. ಹುಚ್ಚವ್ವನಿಗೆ ಆಗ ತಿಳಿಯಿತು. ಅವಳ ಕೈ ಅವಳ ಬಾಯಿಗೆ ಹೋಯಿತು.

ಡಾಕ್ಟರು ಬೈಯಲಿಲ್ಲ. ಅದನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಅವಳ ಪಕ್ಕದಲ್ಲಿ ಕುಂತು ಹೇಳಿದರು: "ಕಾಳಜಿ ಮಾಡೀರಿ ಅವ್ವಾರ. ಅವು ಬರೇ ಕಣ್ಣಿಗೆ ಯಾರಿಗೂ ಕಾಣಂಗಿಲ್ಲ. ನಾನೂ ಬೂಷ್ಟಂತ ತಿಳಿದಿದ್ನಲ್ಲ. ಈಗ ಗೊತ್ತಾತು. ಔಷಧ ಬದಲಿ ಮಾಡೂಣು."

ಬಸ್ಸಿನಲ್ಲಿ ಬಂಕಾಪುರ ದಾಟುವವರೆಗೂ ಹುಚ್ಚವ್ವ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ ಅಂದಳು: "ನನ್ನ ಕೈಲೆ ಆತಲ್ರಿ ಇದು."

"ವಾಸೀನೂ ನಿನ್ನ ಕೈಲೇ ಆಗ್ಲಿ. ಹನಿ ಹಾಕೂಕಿ ನೀನ ಅಲ್ಲೇನು?"

ಹೊಸ ಹನಿ ತಾಸಿಗೊಮ್ಮೆ ಹಾಕಬೇಕಿತ್ತು. ಮೊದಮೊದಲು ಅವಳು ಅಂಜಿ ಅಂಜಿ ಹಾಕುತ್ತಿದ್ದಳು, ಹನಿ ಗಲ್ಲದ ಮೇಲೆ ಬೀಳುತ್ತಿತ್ತು. "ಗಲ್ಲಕ್ಕೇನ ರೋಗ ಬಂದಿಲ್ಲ," ಎಂದರೆ ಬೈಯುತ್ತ ಮತ್ತೊಂದು ಹಾಕುತ್ತಿದ್ದಳು. ಬೈಗುಳ ಜೋರಾದಂತೆ ಅಂಜಿಕೆ ಹೋಯಿತು. ನೋವು ಕಡಿಮೆಯಾಗಲು ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಎದ್ದಾಗ ತಲೆಯೊಳಗಿನ ದಬ್ಬಣ ಇರಲಿಲ್ಲ.

ಕೊನೆಗೆ ನದೀಮ ಮತ್ತೊಮ್ಮೆ ಪದರ ಪದರವಾಗಿ ನೋಡಿದ. ದುಂಡು ಚುಕ್ಕೆಗಳು ಎಲ್ಲೂ ಸಿಗಲಿಲ್ಲ. ಕಲೆ ಉಳಿದಿತ್ತು, ಅದು ಇರುತ್ತದಂತೆ. ಅದರ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆಯೊಂದನ್ನು ತೋರಿಸಿ, "ನರ ಮತ್ತ ಬೆಳ್ಯಾಕತ್ತೈತ್ರಿ ಅಜ್ಜಾರ," ಎಂದ. ಇಳಿಸಿ ಹೂತ ಬಳ್ಳಿ ಕುಡಿ ಬಿಟ್ಟಂತೆ ಕಂಡಿತು ನನಗೆ.

ಚೀಲದಿಂದ ಎಲೆಯ ಕಟ್ಟು ತೆಗೆದು ಅವನ ಕೈಗಿಟ್ಟೆ.

"ನಾ ತಿನ್ನಂಗಿಲ್ರಿ. ನಮ್ಮಮ್ಮ ತಿಂತಾಳ. ಬಂಕಾಪುರದಾಗ ಇರ್ತಾಳ, ಸವಣೂರ ಎಲಿ ಅಂದ್ರ ಜೀವಾ ಬಿಡ್ತಾಳ."

ಬಾನಿ ಈಗಲೂ ತೋಟದ ಬಾಗಿಲಲ್ಲೇ ಇದೆ, ಕಾಲಿಗೆ. ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿನ ಮುಚ್ಚಳದ ಡಬ್ಬಿ, ಕಣ್ಣಿಗೆ. ಯಾರಾದರೂ ಕಣ್ಣು ಉಜ್ಜುತ್ತ ಬಾನಿಗೆ ಬಾಗಿದರೆ ಹುಚ್ಚವ್ವನ ದನಿ ಆಚೆ ತೋಟಕ್ಕೂ ಕೇಳುತ್ತದೆ. ಬಲಗಣ್ಣಿನಲ್ಲಿ ಬೆಳಗಿನ ಮಂಜಿನಷ್ಟು ಮಬ್ಬು ಉಳಿದಿದೆ, ಆದರೂ ಎಲೆಯ ನರ ಕಾಣುತ್ತದೆ. ಕೊಯ್ಲಿನ ದಿನ ಮೊದಲ ಕಟ್ಟು ಮಠಕ್ಕೆ ಎತ್ತಿಡುವುದು ಅಪ್ಪನ ಕಾಲದ ಪದ್ಧತಿ. ಎರಡನೆಯದಕ್ಕೆ ನಾನು ಒಂದೊಂದೇ ಎಲೆಯನ್ನು ಬಿಸಿಲಿಗೆ ಹಿಡಿದು, ಚುಕ್ಕೆಯಿಲ್ಲದ್ದನ್ನೇ ಆರಿಸುತ್ತೇನೆ. ಅದು ಬಂಕಾಪುರದ ಬಸ್ಸಿಗೆ.